ಬೆಂಕಿ ನೋಡಿದ ಕಣ್ಣು

ನಮ್ಮ ಮನೆಯಲ್ಲಿ ಯಾರಿಗೆ ತಲೆನೋವು ಬಂದರೂ ಕಾರಣ ಹುಡುಕುವ ಕಷ್ಟವಿಲ್ಲ. ಹೊಗೆಸೊಪ್ಪು ಇದೆಯಲ್ಲ. ಹಸಿ ಎಲೆ ಮುರಿಯುವ ಕಾಲದಲ್ಲಿ, ಮಂಜು ಆರುವ ಮೊದಲೇ ಹೊಲಕ್ಕಿಳಿದು, ಒದ್ದೆ ಎಲೆಯನ್ನು ಕಂಕುಳಲ್ಲಿ ಅವುಚಿಕೊಂಡು ಬಂದವರಿಗೆ ತಲೆ ಸುತ್ತುತ್ತದೆ, ವಾಂತಿಯಾಗುತ್ತದೆ, ಹಣೆ ಸಿಡಿಯುತ್ತದೆ. ಪಿರಿಯಾಪಟ್ಟಣದ ಸುತ್ತಮುತ್ತ ಇದು ಗೊತ್ತಿಲ್ಲದ ಮನೆಯಿಲ್ಲ. ‘ಸೊಪ್ಪು ಹತ್ತಿದೆ’ ಎನ್ನುತ್ತೇವೆ, ಮಜ್ಜಿಗೆ ಕುಡಿಸಿ ಮಲಗಿಸುತ್ತೇವೆ. ಮಾರನೆಯ ದಿನ ಎದ್ದು ಮತ್ತೆ ಹೊಲಕ್ಕೆ ಹೋಗುತ್ತೇವೆ.

ಹಾಗಾಗಿ ನನ್ನ ಫೋನು ಅಪ್‌ಡೇಟ್ ಆದ ವಾರವೇ ನನಗೆ ತಲೆನೋವು ಹಿಡಿದಾಗ ಮನೆಯವರೆಲ್ಲ ಒಂದೇ ಬಾಯಲ್ಲಿ ಹೇಳಿದ್ದು ಇದನ್ನೇ. ಆಗ ದೀಪಾವಳಿ ಕಳೆದಿತ್ತು. ಹೊಲದಲ್ಲಿ ಹಸಿ ಎಲೆ ಎಂಬುದು ಒಂದೂ ಇರಲಿಲ್ಲ. ಇದ್ದದ್ದೆಲ್ಲ ಸೊಪ್ಪು ಒಣಗಿಸುವ ಬ್ಯಾರನ್ನಿನ ಕಾವಿನಲ್ಲಿ ಬೆಂದು, ಒಣಗಿ, ಮನೆಯೊಳಗೆ ಬಂದು ಕೂತಿತ್ತು. ಒಣಗಿದ ಎಲೆ ಯಾರಿಗೂ ಹತ್ತುವುದಿಲ್ಲ ಎಂದು ನಾನು ಹೇಳಿದೆ.

“ವಯಸ್ಸಾಯ್ತಲ್ಲ ಕಣೆ, ಈಗ ಒಣಗಿದ್ದೂ ಅತ್ತುತ್ತೆ” ಎಂದರು ನಮ್ಮ ಯಜಮಾನರು. ಅವರಿಗೆ ನನಗಿಂತ ಹೆಚ್ಚು ವಯಸ್ಸು. ಅವರಿಗೆ ಮಾತ್ರ ಯಾವುದೂ ಹತ್ತಿರಲಿಲ್ಲವಂತೆ.

ಇದು ನಮ್ಮ ಮನೆಯಲ್ಲಿ ಸಣ್ಣ ಮಾತಲ್ಲ. ಯಾಕೆಂದರೆ ಎಲೆ ಗ್ರೇಡಿಂಗ್ ಮಾಡುವವಳು ನಾನು. ಒಣಗಿದ ಎಲೆಯನ್ನು ಬಣ್ಣ ನೋಡಿ ಬೇರೆ ಬೇರೆ ಗುಡ್ಡೆ ಮಾಡಬೇಕು. ನಿಂಬೆಹಣ್ಣಿನ ಬಣ್ಣದ್ದು ಒಂದು ಕಡೆ, ಕಿತ್ತಳೆಗೆ ತಿರುಗಿದ್ದು ಒಂದು ಕಡೆ, ಹಸಿರು ಉಳಿದದ್ದು, ಕಂದಿದ್ದು, ಮಚ್ಚೆ ಬಿದ್ದದ್ದು ಮತ್ತೊಂದು ಕಡೆ. ಗೋಣಿ ಸುತ್ತಿ ಕಟ್ಟುವ ಒಂದು ಬೇಲಿನಲ್ಲಿ ಎರಡು ಬಣ್ಣ ಬೆರೆತರೆ ಹರಾಜಿನ ಕಟ್ಟೆಯಲ್ಲಿ ಅದನ್ನು ಕೈಯಲ್ಲೂ ಮುಟ್ಟದೆ ಮುಂದೆ ಹೋಗುತ್ತಾರೆ. ವರ್ಷವಿಡೀ ದುಡಿದದ್ದು ಕೊನೆಗೆ ಒಬ್ಬರ ಕಣ್ಣಿನ ಮೇಲೆ ನಿಲ್ಲುತ್ತದೆ. ಆ ಕಣ್ಣು ಮೊದಲು ನಮ್ಮ ಅತ್ತೆಯದಾಗಿತ್ತು, ಆಮೇಲೆ ನನ್ನದು. ಜಗಲಿಯಲ್ಲಿ ಬಡಗಣ ಬಾಗಿಲ ಪಕ್ಕ ಒಂದು ಚಾಪೆ ಇದೆ. ಅದರ ಮೇಲೆ ಕೂರುವವರು ಹೇಳಿದ್ದೇ ಬಣ್ಣ. ಮದುವೆಯಾಗಿ ಬಂದಾಗ ನನಗೆ ಯಾರೂ ಒಂದು ಸೀರೆಯ ಬಣ್ಣ ಆರಿಸಲು ಬಿಟ್ಟಿರಲಿಲ್ಲ. ಆ ಚಾಪೆಗೆ ಬರಲು ನನಗೆ ಹತ್ತು ವರ್ಷ ಹಿಡಿಯಿತು. ಬಂದ ಮೇಲೆ ಎದ್ದವಳಲ್ಲ.

ಇನ್ನು ಫೋನಿನ ವಿಷಯ. ಮಗಳನ್ನು ಕೆ.ಆರ್. ನಗರದ ಹತ್ತಿರ ಕೊಟ್ಟಿದ್ದೇವೆ. ಗದ್ದೆ, ಕಬ್ಬು ಇರುವ ದೊಡ್ಡ ಮನೆ, ಮನೆ ತುಂಬ ಜನ. ಅವಳ ಮಗಳಿಗೆ ಮೂರು ವರ್ಷ. ಆ ಕೂಸು ಅಜ್ಜಿಯ ಮುಖ ನೋಡದೆ ಬೆಳಗಿನ ತಿಂಡಿ ತಿನ್ನುವುದಿಲ್ಲ ಎಂದು ಮಗಳು ಹೇಳಿದ್ದಳು. ಆದ್ದರಿಂದ ದಿನಾ ಬೆಳಗ್ಗೆ ವಿಡಿಯೊ ಕಾಲ್. ಅಲ್ಲಿ ಫೋನನ್ನು ಡಬ್ಬಿಗೆ ಒರಗಿಸಿಡುತ್ತಾಳೆ, ಇಲ್ಲಿ ನಾನು ಬೆಕ್ಕು, ಕೋಳಿ, ಹರಾಜಿನವರು, ಎಲ್ಲರ ದನಿಯನ್ನೂ ತೆಗೆಯುತ್ತೇನೆ. ಪರದೆ ತುಂಬ ಕೂಸಿನ ಮುಖ. ಮಗಳು ಕಾಣುವುದೇ ಇಲ್ಲ, ಆಗಾಗ ಬಳೆಯ ಕೈಯೊಂದು ತುತ್ತು ಹಿಡಿದು ಬಂದು ಹೋಗುತ್ತದೆ. ಅದಾದ ಮೇಲೆ ಒಂದಿಷ್ಟು ರೀಲ್ಸ್ ನೋಡುತ್ತೇನೆ. ಇಲ್ಲ ಎಂದರೆ ಸುಳ್ಳಾಗುತ್ತದೆ.

ಅಪ್‌ಡೇಟ್ ಮಾಡು, ಅಪ್‌ಡೇಟ್ ಮಾಡು ಎಂದು ಆ ಫೋನು ಸಾಲ ಕೊಟ್ಟವನ ಹಾಗೆ ಬಾಗಿಲಲ್ಲಿ ನಿಂತಿತ್ತು. ಪೀಡೆ ತೊಲಗಲಿ ಎಂದು ಒಂದು ದಿನ ಒತ್ತಿದೆ. ಅದು ಅರ್ಧ ಗಂಟೆ ಸತ್ತು, ಮತ್ತೆ ಹುಟ್ಟಿ ಬಂತು. ಅಕ್ಷರವೆಲ್ಲ ಉಪವಾಸ ಬಿದ್ದಂತೆ ಸಣಕಲಾಗಿತ್ತು. ಬಿಳಿ ಎಂಬುದು ಕಣ್ಣಿಗೆ ಚುಚ್ಚುವಷ್ಟು ಬಿಳಿ. ಬೆಳಕು ಕಡಿಮೆ ಮಾಡಿದರೆ ಪರದೆ ಒಳಗೊಳಗೇ ನಡುಗಿದ ಹಾಗೆ ಆಗುತ್ತಿತ್ತು. ಬೇರೆಯವರಿಗೆ ತೋರಿಸಿದರೆ “ಎಲ್ಲಿ ನಡುಗ್ತದೆ? ನೆಟ್ಟಗೈತಲ್ಲ” ಎನ್ನುತ್ತಿದ್ದರು. ಎರಡೇ ದಿನಕ್ಕೆ ಹುಬ್ಬಿನ ಮೇಲೆ ನೋವು ಶುರುವಾಯಿತು, ಕಣ್ಣಲ್ಲಿ ನೀರು ಸುರಿಯಿತು.

ಫೋನು ಕೊಂಡ ಅಂಗಡಿಗೆ ಹೋದೆ. ಹಳೆಯದನ್ನೇ ವಾಪಸ್ ಹಾಕಪ್ಪ ಎಂದೆ.

“ಹಳೇದು ಇನ್ನ ಬರಲ್ಲ ಅಮ್ಮ” ಎಂದ ಅಂಗಡಿಯವನು. ತೀರಿಕೊಂಡವರ ಬಗ್ಗೆ ಹೇಳುವ ದನಿ. ಆಮೇಲೆ ಕನಿಕರಪಟ್ಟು ಫೋನಿನೊಳಗೆ ಏನೋ ಒತ್ತಿದ. ಪರದೆಯೆಲ್ಲ ಹಳದಿಯಾಯಿತು. ಇದು ಕಣ್ಣಿಗೆ ಆರಾಮ, ಹಗಲೂ ರಾತ್ರಿ ಹೀಗೇ ಇರಲಿ ಎಂದ. ನಾನು ನೋಡಿದೆ. ಒಳ್ಳೇ ಬ್ರೈಟ್ ಗ್ರೇಡಿನ ಬಣ್ಣ. ಪರದೆಯ ಮೇಲಿಟ್ಟಿದ್ದ ಫೋಟೊದಲ್ಲಿ ಕೂಸು, ಕೂಸಿನ ತಟ್ಟೆ, ಹಿಂದಿನ ಗೋಡೆ, ಎಲ್ಲವೂ ಮೊದಲನೇ ದರ್ಜೆ ಸೊಪ್ಪಿನ ಬಣ್ಣಕ್ಕೆ ತಿರುಗಿದ್ದವು. ಚೆನ್ನಾಗಿದೆ ಎಂದುಕೊಂಡು ಬಸ್ಸು ಹತ್ತಿದೆ.

ಅದರ ಮಾರನೆಯ ದಿನ ನನ್ನ ಮರ್ಯಾದೆ ಹೋಯಿತು. ಕೂಸಿಗೆ ತಿಂಡಿ ತಿನ್ನಿಸಿ, ರೀಲ್ಸ್ ಮುಗಿಸಿ, ಚಾಪೆಗೆ ಬಂದು ಕೂತೆ. ಎಲೆಯೆಲ್ಲ ಮಂಕಾಗಿ ಕಂಡಿತು. ಈ ಸಲ ಬ್ಯಾರನ್ನಿನ ಕಾವು ಕೆಟ್ಟಿದೆ ಎಂದು ಯಜಮಾನರನ್ನು ಮನಸ್ಸಿನಲ್ಲೇ ಬೈದುಕೊಂಡು, ಒಂದೊಂದೇ ಎಲೆಯನ್ನು ಕೆಳದರ್ಜೆಯ ಗುಡ್ಡೆಗೆ ಹಾಕುತ್ತಾ ಹೋದೆ. ಎದುರಿಗೆ ನನ್ನ ವಾರಗಿತ್ತಿ ಬೇಲು ಕಟ್ಟಲು ಗೋಣಿ ಹೊಲಿಯುತ್ತಿದ್ದಳು. ಮೈದುನನ ಹೆಂಡತಿ, ನನಗಿಂತ ಎಂಟು ವರ್ಷ ಚಿಕ್ಕವಳು, ಬಾಯಿ ಮಾತ್ರ ನನ್ನ ಸಮಕ್ಕೆ.

“ಅಕ್ಕ, ಅದ್ಯಾಕೆ ಚಿನ್ನದಂತಾದ್ದನ್ನ ಆ ಕಡೆ ಆಕ್ತಾ ಇದ್ದೀ?” ಎಂದಳು.

“ನೀನು ಗೋಣಿ ನೋಡು” ಎಂದೆ.

ಅವಳು ಸುಮ್ಮನಾಗಲಿಲ್ಲ. ಎದ್ದು ಬಂದು, ಆ ಗುಡ್ಡೆಯಿಂದ ಕೈತುಂಬ ಎಲೆ ಬಾಚಿಕೊಂಡು ಅಂಗಳದ ಬೆಳಕಿಗೆ ಹಿಡಿದಳು. ಯಜಮಾನರನ್ನೂ ಮೈದುನನನ್ನೂ ಕೂಗಿದಳು. ಮೂವರೂ ನೋಡಿದರು. ಯಜಮಾನರು ಆ ಎಲೆಗಳನ್ನು ಒಳ್ಳೆಯ ದರ್ಜೆಯವೆಂದು ಬೇರೆ ಇಟ್ಟರು. ನಾನೂ ಎದ್ದು ಹೋಗಿ ನೋಡಿದೆ. ನನಗೆ ಆಗಲೂ ಅದು ಮಂಕಾಗಿಯೇ ಕಂಡಿತು.

ಸಂಜೆ ಯಜಮಾನರು ಬಹಳ ಮೆತ್ತಗೆ ಮಾತಾಡಿದರು. ಅವರು ಮೆತ್ತಗೆ ಮಾತಾಡಿದರೆ ತೀರ್ಮಾನ ಆಗಿಹೋಗಿದೆ ಎಂದರ್ಥ. “ಸೊಪ್ಪು ತಲೆಗೇರೈತೆ ಕಣೆ. ಸ್ವಲ್ಪ ದಿನ ದೂರ ಇರು. ಅವ್ಳು ಕೂರ್ಲಿ” ಎಂದರು. ನಾನು ಕೂಗಾಡಿದೆ. ನಿಮ್ಮ ಅವ್ವ ಕೂರಿಸಿದ ಜಾಗ ಅದು, ನೀವು ಎಬ್ಬಿಸೋಕೆ ಯಾರು ಎಂದೆ. ಕೂಗಿದ್ದಕ್ಕೆ ತಲೆನೋವು ಹೆಚ್ಚಾಗಿ ಹಣೆ ಹಿಡಿದುಕೊಂಡು ಕೂತೆ. “ನೋಡ್ದಾ?” ಎಂದರು.

ಮಾರನೆಯ ದಿನದಿಂದ ವಾರಗಿತ್ತಿ ಚಾಪೆಯ ಮೇಲೆ ಕೂತಳು. ನನಗೆ ವಿಶ್ರಾಂತಿ ಎಂದಾಯಿತು. ವಿಶ್ರಾಂತಿ ಎಂದರೆ ಏನು ಮಾಡುತ್ತಾರೆ? ಒಳಮನೆಯಲ್ಲಿ ಮಲಗಿ ಫೋನು ನೋಡಿದೆ. ಮೊದಲು ಅರ್ಧ ಗಂಟೆ ನೋಡುತ್ತಿದ್ದವಳು ಈಗ ಬೆಳಗ್ಗೆಯಿಂದ ಮಧ್ಯಾಹ್ನದವರೆಗೆ ನೋಡಿದೆ. ತಲೆನೋವು ಎರಡರಷ್ಟಾಯಿತು. ಸೊಪ್ಪಿನಿಂದ ದೂರವಿದ್ದರೂ ಕಡಿಮೆಯಾಗಲಿಲ್ಲವಲ್ಲ ಎಂದರೆ, ಮನೆಯೊಳಗೆಲ್ಲ ಸೊಪ್ಪಿನ ವಾಸನೆ ಇದೆ, ಅದಕ್ಕೇ ಎಂದರು. ಜಗಲಿಯಿಂದ ವಾರಗಿತ್ತಿಯ ದನಿ ಕೇಳುತ್ತಿತ್ತು. “ಇದು ಆ ಕಡೆ, ಇದು ಈ ಕಡೆ” ಎಂದು ಕೆಲಸದ ಹೆಂಗಸರಿಗೆ ಹೇಳುತ್ತಿದ್ದಳು. ಹೊಟ್ಟೆ ಉರಿಯಿತು. ನಿಜ ಹೇಳಬೇಕೆಂದರೆ ತಲೆನೋವಿಗಿಂತ ಹೆಚ್ಚು ಅದೇ ಉರಿಯಿತು.

ಹುಣಸೂರಿನ ಕಣ್ಣಿನ ಡಾಕ್ಟರ ಹತ್ತಿರವೂ ಕರೆದುಕೊಂಡು ಹೋದರು. ಡಾಕ್ಟರು ಒಂದು ಗಾಜಾದ ಮೇಲೆ ಒಂದು ಗಾಜು ಹಾಕಿ ನೋಡಿದರು. ಕನ್ನಡಕದ ಪವರ್ ಹಳೆಯದೇ ಸರಿಯಾಗಿದೆ ಎಂದರು. ಆಮೇಲೆ, “ಮೊಬೈಲ್ ಎಷ್ಟು ಹೊತ್ತು ನೋಡ್ತೀರಮ್ಮ?” ಎಂದು ಕೇಳಿದರು.

“ಮೊಮ್ಮಗಳಿಗೆ ತಿಂಡಿ ತಿನ್ನಿಸುವಷ್ಟು ಹೊತ್ತು” ಎಂದೆ. ಅವರು ಇನ್ನೇನು ಹೇಳಿಯಾರು? ಕಣ್ಣಿಗೆ ಬಿಡುವ ಹನಿ ಬರೆದುಕೊಟ್ಟರು. ಹೊರಡುವಾಗ ಯಜಮಾನರು, “ಸೊಪ್ಪಿನ ಮನೆ ಸಾ ನಮ್ದು” ಎಂದು ಒಂದು ಮಾತು ಸೇರಿಸಿದರು. ಡಾಕ್ಟರು ಓಹೋ ಎಂದರು. ಆ ಓಹೋ ಹಿಡಿದುಕೊಂಡು ಯಜಮಾನರು ಊರಿನವರೆಗೂ ಬಂದರು.

ಇಷ್ಟರಲ್ಲಿ ನನ್ನ ತಮ್ಮ ಹೊಸ ಮನೆ ಕಟ್ಟಿಸಿ ಗೃಹಪ್ರವೇಶ ಇಟ್ಟುಕೊಂಡ. ನನ್ನ ತವರು ಎಚ್.ಡಿ. ಕೋಟೆಯ ಆಚೆ, ಕಾಡಿನ ಅಂಚಿನಲ್ಲಿ. ಅಲ್ಲಿ ಫೋನಿಗೆ ಸಿಗ್ನಲ್ ಬೇಕೆಂದರೆ ಶಾಲೆಯ ಹಿಂದಿನ ಬಂಡೆ ಹತ್ತಬೇಕು, ಹತ್ತಿದರೂ ಬರೀ ದನಿ ಬರುತ್ತದೆ, ಮುಖ ಬರುವುದಿಲ್ಲ. ನನ್ನ ಮಂಡಿಗೆ ಬಂಡೆ ಆಗಿಬರುವುದಿಲ್ಲ. ಮಗಳಿಗೆ ಮೊದಲೇ ಹೇಳಿ ಹೋಗಿದ್ದೆ. ಅಲ್ಲಿದ್ದಷ್ಟು ದಿನ ಹೋಳಿಗೆ ತಟ್ಟಿದೆ, ನೆಂಟರ ಮೇಲೆ ಚಾಡಿ ಹೇಳಿದೆ, ಚೆನ್ನಾಗಿ ನಿದ್ದೆ ಮಾಡಿದೆ. ವಾಪಸ್ ಬರುವ ಬಸ್ಸಿನಲ್ಲಿ ಕೂತಾಗ ಹೊಳೆಯಿತು. ತಲೆ ನೋಯುತ್ತಿರಲಿಲ್ಲ. ಕಿಟಕಿಯಾಚೆ ಒಂದೊಂದು ಮರದ ಹಸಿರೂ ಬೇರೆ ಬೇರೆಯಾಗಿ ಕಾಣುತ್ತಿತ್ತು.

ಮನೆಗೆ ಬಂದು ತಲೆನೋವು ಹೋಯಿತು ಎಂದು ಹೇಳಿದ್ದೇ ತಪ್ಪಾಯಿತು. “ಮತ್ತೆ? ಸೊಪ್ಪು ಇಲ್ದಿರೋ ಊರಿಗೆ ಓದೆ, ವಾಸಿಯಾಯ್ತು” ಎಂದರು ಯಜಮಾನರು. ಮೈದುನ ತಲೆಯಾಡಿಸಿದ. ವಾರಗಿತ್ತಿ, “ಅಕ್ಕ, ನೀನಿನ್ನು ಆರಾಮಾಗಿ ಇದ್ದುಬುಡು. ನಾನಿದ್ದೀನಲ್ಲ” ಎಂದಳು. ಪ್ರೀತಿಯಿಂದಲೇ ಹೇಳಿದಳು. ಅವಳ ಕೈ ಮಾತ್ರ ಚಾಪೆಯ ಅಂಚನ್ನು ಹಿಡಿದುಕೊಂಡಿತ್ತು. ನನ್ನ ಜಾಗ ಖಾಯಮ್ಮಾಗಿ ಹೋಯಿತು ಎಂದು ನನಗೆ ಅವತ್ತು ಗೊತ್ತಾಯಿತು. ಒಳಗೆ ಹೋಗಿ ಅತ್ತುಬಿಟ್ಟೆ.

ಮಾರನೆಯ ಬೆಳಗ್ಗೆ ಎದ್ದು ಜಗಲಿಗೆ ಬಂದೆ. ವಾರಗಿತ್ತಿ ಆಗಲೇ ಕೂತಿದ್ದಳು. ನಾನು ಕಂಬಕ್ಕೆ ಒರಗಿ ನಿಂತಲ್ಲಿಂದಲೇ ಅವಳ ಬ್ರೈಟ್ ಗುಡ್ಡೆಯ ಒಳಗೆ ಒಂದು ಎಲೆ ಕಂಡಿತು. ತೊಟ್ಟಿನ ಹತ್ತಿರ ಹಸಿರು ನೆರಳಿದ್ದ ಎಲೆ. ಬಗ್ಗಿ ಅದನ್ನು ಎಳೆದು ಅವಳ ತೊಡೆಯ ಮೇಲೆ ಹಾಕಿದೆ. ಅವಳು ತಿರುಗಿಸಿ ನೋಡಿದಳು, ಅಂಗಳಕ್ಕೆ ಒಯ್ದು ನೋಡಿದಳು, ಬಂದು ಬೇರೆ ಗುಡ್ಡೆಗೆ ಹಾಕಿದಳು. “ಕಣ್ಣಿಗೇನೂ ಆಗಿಲ್ವಲ್ಲಕ್ಕ ನಿಂಗೆ!” ಎಂದಳು. ಮನಸ್ಸು ಹೂವಾಯಿತು. ಅಷ್ಟರಲ್ಲಿ ಮಗಳ ವಿಡಿಯೊ ಕಾಲ್ ಬಂತು. ಒಳಗೆ ಹೋಗಿ ಬೆಕ್ಕಾದೆ, ಕೋಳಿಯಾದೆ, ಕೂಸು ತಿಂದಿತು. ವಾಪಸ್ ಜಗಲಿಗೆ ಬಂದು ಗುಡ್ಡೆಗಳನ್ನು ನೋಡಿದೆ. ಎಲ್ಲ ಒಂದೇ ಬಣ್ಣ. ಹುಬ್ಬಿನ ಮೇಲೆ ನೋವು ಬಂದು ಕೂತಿತ್ತು.

ನನಗೆ ಅತ್ತೆಯ ನೆನಪಾದದ್ದು ಆಗಲೇ. ನಮ್ಮ ಅತ್ತೆಗೆ ಒಂದು ಕಟ್ಟಳೆ ಇತ್ತು. ಬ್ಯಾರನ್ನಿನ ಒಲೆಗೆ ಸೌದೆ ಒಟ್ಟಿ ಬಂದವರು ಅವತ್ತು ಬೆಳಗ್ಗೆ ಗ್ರೇಡಿಂಗ್ ಚಾಪೆಗೆ ಕೂರುವಂತಿಲ್ಲ. ಬೆಂಕಿ ನೋಡಿದ ಕಣ್ಣು ಎಲೆಯ ಬಣ್ಣ ಹೇಳುವುದಿಲ್ಲ ಎಂದು ಯಾರನ್ನೂ ಹತ್ತಿರ ಸೇರಿಸುತ್ತಿರಲಿಲ್ಲ. ಕೆಲಸದ ದಿನ ಒಲೆಯ ಮುಂದೆ ಅಡುಗೆಗೂ ಅವರು ಕೂರುತ್ತಿರಲಿಲ್ಲ. ಅತ್ತೆ ತೀರಿಕೊಂಡ ಮೇಲೆ ಆ ಕಟ್ಟಳೆಯನ್ನು ನಾನು ಅವರಿಗಿಂತ ಬಿಗಿಯಾಗಿ ನಡೆಸಿದವಳು. ಯಜಮಾನರು ಸೌದೆ ಒಟ್ಟಿ ಬಂದು ಒಂದು ಎಲೆ ಮುಟ್ಟಿದರೂ ಎಬ್ಬಿಸಿ ಕಳಿಸುತ್ತಿದ್ದೆ. ಅಂಥವಳು ದಿನಾ ಬೆಳಗ್ಗೆ ಒಂದು ಉರಿಯುವ ಗಾಜನ್ನು ಗೇಣು ದೂರದಲ್ಲಿ ಹಿಡಿದು ದಿಟ್ಟಿಸಿ, ನೆಟ್ಟಗೆ ಬಂದು ಚಾಪೆಗೆ ಕೂತಿದ್ದೇನೆ! ಮೊದಲು ಆ ಬೆಂಕಿ ಸಣ್ಣಗಿತ್ತು, ನನ್ನ ಕಣ್ಣು ತಡೆದುಕೊಂಡಿತ್ತು. ಅಪ್‌ಡೇಟೂ ಅಂಗಡಿಯವನ ಹಳದಿಯೂ ಸೇರಿ ಅದಕ್ಕೆ ಸೌದೆ ಒಟ್ಟಿವೆ, ಅಷ್ಟೆ.

ಮಧ್ಯಾಹ್ನ ಊಟಕ್ಕೆ ಎಲ್ಲರೂ ಕೂತಾಗ ಹೇಳಿದೆ. ಫೋನೂ ಬೆಂಕಿಯೇ. ನಾಳೆಯಿಂದ ಬೆಳಗ್ಗೆ ಫೋನು ನೋಡಿದವರು ಯಾರೂ ಚಾಪೆಗೆ ಕೂರಬಾರದು. ನನ್ನ ತಲೆನೋವು ಸೊಪ್ಪಿನದಲ್ಲ, ಅಪ್‌ಡೇಟಿನದು.

ಯಜಮಾನರು ನಕ್ಕರು. “ಅಂಗಾರೆ ನಮ್ ಫೋನೂ ಅವತ್ತೇ ಅಪ್‌ಡೇಟ್ ಆಯ್ತಲ್ಲ, ನಮ್ಗೆಲ್ಲ ಯಾಕೆ ತಲೆನೋವು ಬಂದಿಲ್ಲ?” ಎಂದರು. ನಮ್ಮ ಮನೆಯ ಫೋನುಗಳೆಲ್ಲ ಒಂದೇ ಅಂಗಡಿಯವು, ಒಂದೇ ನಮೂನೆಯವು.

“ನಿಮ್ಗೆ ಬಂದಿಲ್ವಾ ಭಾವ?” ಎಂದಳು ವಾರಗಿತ್ತಿ. “ದಿನಾ ಹಣೆಗೆ ಬಾಮು ತಿಕ್ಕೋತೀರಲ್ಲ.”

ಅದು ಬ್ಯಾರನ್ನಿನ ಹೊಗೆ ಎಂದರು ಯಜಮಾನರು. ಬ್ಯಾರನ್ನಿನ ಒಲೆ ಆರಿ ತಿಂಗಳು ಕಳೆದಿತ್ತು. ಮೈದುನ ತನಗೆ ಬರುತ್ತಿರುವುದು ಪಿತ್ತದ ತಲೆನೋವು ಎಂದ. ವಾರಗಿತ್ತಿ ತನಗೆ ಗ್ಯಾಸ್ ಎಂದಳು, ತಲೆಗೆ ಹೊಡೆಯುತ್ತದಂತೆ. ಕೇಳುತ್ತಾ ಹೋದರೆ ಮನೆಗೆ ಮನೆಯೇ ಒಂದೇ ವಾರದಲ್ಲಿ ತಲೆ ಹಿಡಿದುಕೊಂಡು ಕೂತಿತ್ತು. ಒಬ್ಬೊಬ್ಬರದೂ ಒಂದೊಂದು ಕಾರಣ. ಅಷ್ಟೂ ಜನರಲ್ಲಿ ಜಾಗ ಕಳೆದುಕೊಂಡವಳು ನಾನೊಬ್ಬಳೇ. ಆಹಾ, ನ್ಯಾಯವೇ! ಕೊನೆಗೆ ವಾರಗಿತ್ತಿಯೇ, “ಅತ್ತೆ ಕಟ್ಟಳೆ ಅಂದ್ರೆ ಕಟ್ಟಳೆ ಕಣಕ್ಕ. ನಾಳೆಯಿಂದ ನೀನೇ ಕೂತ್ಕೋ. ಆದ್ರೆ ಫೋನ್ ನೋಡಿದ್ ದಿನ ನಾನೇ ಎಬ್ಬುಸ್ತೀನಿ” ಎಂದಳು. ಹೇಳಿದಂತೆ ಮಾಡುವವಳು ಅವಳು.

ಸಂಜೆ ಮಗಳಿಗೆ ಫೋನು ಮಾಡಿ ವಿಡಿಯೊ ಬೇಡ, ಬರೀ ಮಾತು ಸಾಕು ಎಂದೆ. ಕೂಸು ತಿನ್ನದಿದ್ದರೆ ಏನು ಮಾಡುವುದು ಎಂದು ನನಗೇ ಹೆದರಿಕೆ ಇತ್ತು. “ಆಯ್ತು ಬುಡವ್ವ” ಎಂದಳು. ಹಾಗೆನ್ನಲು ಒಂದು ಗಳಿಗೆ ತಡೆದಳು. ಮಾರನೆಯ ದಿನ ಚಾಪೆಯ ಮೇಲೆ ಕೂತು, ಫೋನನ್ನು ಕವುಚಿ ಹಾಕಿಕೊಂಡು, ಸ್ಪೀಕರಿನಲ್ಲಿ ಬೆಕ್ಕಾದೆ. ಕೂಸು ತಿಂದಿತು. ಮುಖವಿಲ್ಲದಿದ್ದರೂ ಅದಕ್ಕೇನೂ ಅನ್ನಿಸಲಿಲ್ಲ. ಎಲೆ ಎಲೆಯ ಬಣ್ಣದಲ್ಲೇ ಕಂಡಿತು. ಹಣೆಯ ನೋವು ದೂರವಾಯಿತು. ಯಜಮಾನರು ಒಂದೆರಡು ಸಲ ಬಂದು ಗುಡ್ಡೆ ಕೆದಕಿ ನೋಡಿ, ಏನೂ ಸಿಗದೆ ಹೋದರು. ನಾನು ಗೆದ್ದಿದ್ದೆ.

ಆದರೆ ಕಣ್ಣಿಗೆ ಕೆಲಸ ತಪ್ಪಿದ ಮೇಲೆ ಕಿವಿ ಚುರುಕಾಯಿತೋ ಏನೋ. ಮಗಳ ಕಡೆಯಿಂದ ಬರುವ ಸದ್ದು ಬದಲಾಗಿತ್ತು. ಮೊದಲು ಕಾಲ್ ಬಂದ ಕೂಡಲೇ ಸ್ಟೂಲು ಎಳೆದ ಸದ್ದು ಕೇಳುತ್ತಿತ್ತು. ಈಗ ನಲ್ಲಿಯ ಸದ್ದು, ಪಾತ್ರೆಯ ಸದ್ದು, ಓಡಾಡುವ ಕಾಲಿನ ಸದ್ದು. ತಿಂಡಿ ಆಯಿತಾ ಎಂದು ಕೇಳಿದರೆ “ಕೂಸು ತಿಂತವ್ವ” ಎನ್ನುತ್ತಿದ್ದಳು. ನಿನ್ನದು ಎಂದರೆ “ಆಮೇಲೆ ತಿಂತೀನಿ”. ದಿನಾ ಆಮೇಲೆ. ಒಂದು ದಿನ ಎಲೆ ಕೆಳಗಿಟ್ಟು ಗದರಿದೆ. ಆಮೇಲೆ ಅಂದರೆ ಯಾವಾಗ, ನೆಟ್ಟಗೆ ಹೇಳು ಎಂದೆ.

ಅವಳು ನಲ್ಲಿ ನಿಲ್ಲಿಸಿದಳು. “ಏನಿಲ್ಲ ಕಣವ್ವ. ನೀನು ವಿಡಿಯೊದಲ್ಲಿದ್ರೆ ಕೂಸಿನ ಮುಂದೆ ಕೂರ್ಲೇಬೇಕಲ್ಲ, ಅಜ್ಜಿ ಮೊಮ್ಮಗಳು ಮಾತಾಡ್ತಾವ್ರೆ ಅಂತ ಯಾರೂ ಎಬ್ಬುಸ್ತಿರ್ಲಿಲ್ಲ. ಅಷ್ಟೊತ್ನಲ್ಲಿ ನಾನೂ ಕೂತ್ಕಂಡು ತಿಂದ್ಬುಡ್ತಿದ್ದೆ. ಈಗ ಬರೀ ಮಾತಲ್ವಾ, ಕೆಲಸ ಮಾಡ್ಕಂಡೇ ಆಡ್ಬೋದಲ್ಲ. ಅದ್ಕೇ ನಿಂತ್ಕಂಡೇ ಎಲ್ಲಾ ಆಯ್ತದೆ. ಕೆಟ್ಟೋರಲ್ಲ ಬುಡು, ಕೆಲಸ ಜಾಸ್ತಿ ಅಷ್ಟೆ” ಎಂದಳು.

ಕೂಸು ನನ್ನ ಮುಖ ನೋಡದೆ ತಿನ್ನುವುದಿಲ್ಲ ಎಂದು ಎಷ್ಟು ಬೀಗಿದ್ದೆ! ಅಷ್ಟು ಹೊತ್ತು ಕಣ್ಣು ಬಿಟ್ಟುಕೊಂಡು ಆ ಪರದೆಯನ್ನೇ ನೋಡಿದವಳಿಗೆ ಅಂಚಿನಾಚೆ ಕೂತು ತಿನ್ನುತ್ತಿದ್ದ ಮಗಳು ಕಂಡಿರಲಿಲ್ಲ. ವಿಡಿಯೊ ಹಾಕಿದರೆ ನನ್ನ ಚಾಪೆ ಹೋಗುತ್ತದೆ. ಹಾಕದಿದ್ದರೆ ಅವಳ ಸ್ಟೂಲು ಹೋಗುತ್ತದೆ. ಹರಾಜಿಗೆ ಇನ್ನೂ ಅರ್ಧ ಮನೆ ಸೊಪ್ಪು ಬಾಕಿಯಿತ್ತು.

ಮಾರನೆಯ ಬೆಳಗ್ಗೆ ನಾನೇ ವಿಡಿಯೊ ಕಾಲ್ ಮಾಡಿದೆ. ವಾರಗಿತ್ತಿ ಗೋಣಿ ಸೂಜಿ ಹಿಡಿದವಳು ತಲೆಯೆತ್ತಿ, “ಅಕ್ಕ!” ಎಂದಳು. “ಬೆಂಕಿ ನೋಡಬಾರದು ಅಂತ ತಾನೆ ಕಟ್ಟಳೆ? ಬೆಂಕಿ ನನ್ನ ನೋಡಬಾರದು ಅಂತ ಇಲ್ವಲ್ಲ” ಎಂದು ಫೋನನ್ನು ಕಟ್ಟಿಟ್ಟ ಬೇಲೊಂದಕ್ಕೆ ಒರಗಿಸಿ, ಅತ್ತ ಕೂಸಿಗೆ ನನ್ನ ಮುಖ ಕಾಣುವ ಹಾಗೆ ಕೂತು, ಕಣ್ಣು ಮುಚ್ಚಿಕೊಂಡೆ. ಪಕ್ಕಕ್ಕೆ ತಿರುಗಿ ಕೂತರೆ ಆಗುತ್ತಿರಲಿಲ್ಲ, ಕೂಸಿನ ದನಿ ಕೇಳಿದರೆ ಕಣ್ಣು ತಾನಾಗಿ ಅತ್ತ ಹೋಗುತ್ತದೆ. ವಾರಗಿತ್ತಿ ಹತ್ತಿರ ಬಂದು ಕಾವಲಿಗೆ ಕೂತಳು. ಕೂಸು, “ಅಜ್ಜಿ ನಿದ್ದೆ ಮಾಡ್ತಾವ್ಳೆ” ಎಂದು ಕಿರುಚಿ ನಕ್ಕಿತು. ಕಣ್ಣು ಮುಚ್ಚಿಕೊಂಡೇ ಬೆಕ್ಕಿನ ದನಿ ತೆಗೆದೆ.

ಅತ್ತ ಸ್ಟೂಲು ಎಳೆದ ಸದ್ದಾಯಿತು. ಸ್ವಲ್ಪ ಹೊತ್ತಿಗೆ ರೊಟ್ಟಿ ಮುರಿದ ಸದ್ದು. ನಾನು ಕೋಳಿಯಾದೆ. ಆಮೇಲೆ ಹರಾಜಿನವರಾದೆ. ಎಷ್ಟು ಹೊತ್ತಾದರೂ ನಿಲ್ಲಿಸಲಿಲ್ಲ.

“ಇನ್ನೊಂದು ಆಕ್ಕೋ ಮಗ” ಎಂದೆ.

“ಕಣ್ಣು ಮುಚ್ಚಿದ್ದೀಯಲ್ಲ, ನಾನು ತಿಂತಿರೋದು ನಿಂಗೆಂಗೆ ಗೊತ್ತಾಯ್ತವ್ವ?” ಎಂದಳು ಮಗಳು, ಬಾಯಲ್ಲಿ ತುತ್ತಿಟ್ಟುಕೊಂಡೇ.

“ಗೊತ್ತಾಯ್ತದೆ, ತಿನ್ನು” ಎಂದೆ. ಇನ್ನೊಂದು ರೊಟ್ಟಿ ತಟ್ಟೆಗೆ ಬಿದ್ದದ್ದು ಕೇಳಿಸಿತು.

“ಅಕ್ಕ, ಕಣ್ಣಲ್ಲಿ ನೀರು ಬತ್ತಾ ಐತೆ” ಎಂದು ವಾರಗಿತ್ತಿ ಪಿಸುಗುಟ್ಟಿದಳು.

“ಕಣ್ಣು ಬಿಟ್ಟಿದ್ದೀನಾ?”

“ಇಲ್ಲ.”

“ಅಂಗಾರೆ ಸುಮ್ನಿರು” ಎಂದೆ.